ಉದ್ಧಾರಕ ಬಂದ, ಪತ್ರ ತೆಗೀರಿ

ಸುಣ್ಣದ ಮೇಲೆ ನಮ್ಮ ಜನಕ್ಕೆ ಅಪಾರ ನಂಬಿಕೆ. ಹಬ್ಬಕ್ಕೊಂದು ಕೈ, ಮದುವೆಗೊಂದು ಕೈ, ದೊಡ್ಡ ಜಾತ್ರೆಗೊಂದು ಕೈ. ಒಂದು ಕೈ ಬಳಿದರೆ ವರ್ಷದ ಹೊಗೆ, ಮಕ್ಕಳ ಗೀಚು, ಎಲೆಅಡಿಕೆ ಉಗಿದ ಕಲೆ ಎಲ್ಲವೂ ಮುಚ್ಚಿಹೋಗುತ್ತವೆ. ಆದರೆ 2025ರ ಜನವರಿ ಹೊತ್ತಿಗೆ ರಾಜ್ಯದ ಹಲವು ಊರುಗಳಲ್ಲಿ ಸಾಲ ವಸೂಲಿಯವರು ಗೋಡೆಗಳ ಮೇಲೆ ಬರೆದುಹೋದ ಅಕ್ಷರಗಳಿವೆಯಲ್ಲ, ಈ ಮನೆ ಅಡಮಾನವಾಗಿದೆ ಅಂತ, ಅವು ಸುಣ್ಣಕ್ಕೆ ಬಗ್ಗುವ ಜಾತಿಯಲ್ಲ. ಪೇಂಟಿನವು. ಮೇಲೆ ಎರಡು ಕೈ ಬಳಿದರೂ ಮೊದಲ ಮಳೆಗೆ ಇಣುಕುತ್ತವೆ. ಮನೆ ಕಟ್ಟಿದ ಸಿಮೆಂಟು ಅಷ್ಟು ಗಟ್ಟಿಯಾಗಿದ್ದರೆ ರಿಪೇರಿಗೆಂದು ಎರಡನೇ ಸಾಲ ಎತ್ತುವ ಪ್ರಮೇಯವೇ ಬರುತ್ತಿರಲಿಲ್ಲ.

ಅಂಥ ಗೋಡೆಯ ಮುಂದೆ ಊರವರು ಯಾರೂ ನಿಲ್ಲುವುದಿಲ್ಲ. ಓದಿದರೂ ಓದದವರ ಹಾಗೆ ಕತ್ತು ತಿರುಗಿಸಿಕೊಂಡು ಹೋಗುತ್ತಾರೆ. ಅದು ಹಳ್ಳಿಯ ಮರ್ಯಾದೆ. ನಾಳೆ ಅವರ ಗೋಡೆಗೂ ಬರಬಹುದಲ್ಲ! ನಿಂತು, ಓದಿ, ಬೈಕಿನ ಸ್ಟ್ಯಾಂಡ್ ಹಾಕುವವನು ಒಬ್ಬನೇ. ಅವನೇ ಉದ್ಧಾರಕ.

ಈ ಬರಹಕ್ಕಾಗಿ ನಾನು ನಂಜನಗೂಡು ಸೀಮೆಯ ದೇವನೂರಿನಲ್ಲಿ ಒಂದು ಜಗಲಿ ಕಟ್ಟಿಕೊಂಡಿದ್ದೇನೆ. ಜಗಲಿ ನನ್ನ ಕಲ್ಪನೆ, ಅದರ ಮೇಲೆ ಕೂತಿರುವ ಅಜ್ಜಿಯೂ ನನ್ನ ಕಲ್ಪನೆ. ಉದ್ಧಾರಕನನ್ನು ಕಲ್ಪಿಸಿಕೊಳ್ಳುವ ಕಷ್ಟ ಬೀಳಲಿಲ್ಲ. ಅವನು ಆಗಲೇ ಬಂದು ಅಜ್ಜಿಯ ಪಕ್ಕದಲ್ಲಿ ಕೂತಿದ್ದ.

‘ಯಾರಪ್ಪ ನೀನು, ಫೈನಾನ್ಸ್‌ನವ್ನ?’

‘ಅಯ್ಯೋ, ಅಲ್ಲ ಕಣವ್ವ. ಫೈನಾನ್ಸ್‌ನವರಿಂದ ಬಿಡಿಸೋನು.’

ಈ ಒಂದು ಮಾತಿಗೆ ಎಷ್ಟು ಬೆಲೆಯಿದೆ ಎಂದು ಬ್ಯಾಂಕಿನ ಮ್ಯಾನೇಜರಿಗೆ ಗೊತ್ತಿಲ್ಲ, ಶಾಸನ ಮಾಡುವವರಿಗೆ ಗೊತ್ತಿಲ್ಲ. ಉದ್ಧಾರಕನಿಗೆ ಚೆನ್ನಾಗಿ ಗೊತ್ತು. ಅಜ್ಜಿಯ ಮಗ ಮನೆ ಕಟ್ಟಲು ಸಾಲ ತೆಗೆದ ದಿನದಿಂದ ಇವತ್ತಿನವರೆಗೆ, ಅವಳ ಜಗಲಿಯ ಮೇಲೆ ಕೂತು, ಅವಳಿಗೆ ತಿಳಿಯುವ ಮಾತಿನಲ್ಲಿ, ಮುಂದೆ ಏನಾಗುತ್ತದೆ ಎಂದು ಹೇಳಿದ ಮೊದಲ ಮನುಷ್ಯ ಅವನೇ. ಬ್ಯಾಂಕಿನದು ನೋಟಿಸಿನ ಇಂಗ್ಲಿಷು, ವಸೂಲಿಯವರದು ಬೈಗುಳದ ಕನ್ನಡ. ಅವ್ವ ಎಂದು ಕರೆದು, ಕೊಟ್ಟ ನೀರು ಕುಡಿದು, ‘ಏನೂ ಆಗಲ್ಲ ಬುಡವ್ವ’ ಎಂದವನು ಇವನೊಬ್ಬ. ಟೋಪಿಯಾದರೇನು, ಬಿಸಿಲಿಗೆ ಯಾವ ಟೋಪಿಯೂ ತಂಪೇ.

ಕನ್ನಡ ಓದುವವರಿಗೆ ದೇವನೂರು ಅಂದರೆ ಮಹಾದೇವ ಅವರ ಊರು. ಈ ಸೀಮೆಯ ಆಡುಮಾತಿನಲ್ಲೇ ಬರೆದ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಂದರೆ ದಿಲ್ಲಿಗೂ ಕೇಳಿಸುವಷ್ಟು ಗಟ್ಟಿಯಾದ ಮಾತು ಇದು. ಅಂಥ ಮಾತಿನಲ್ಲಿ ಕಾದಂಬರಿಯಾಯಿತು, ನಾಟಕವಾಯಿತು, ಪಿಎಚ್‌ಡಿಗಳಾದವು. ಒಂದು ಸಾಲದ ನೋಟಿಸು ಮಾತ್ರ ಆಗಲಿಲ್ಲ.

ನೋಟಿಸಿನಲ್ಲಿ ಏನಿರುತ್ತದೆ ಎಂದು ಉದ್ಧಾರಕ ಅಜ್ಜಿಗೆ ಹೇಳುವುದಿಲ್ಲ, ನಾನಾದರೂ ಹೇಳಿಬಿಡುತ್ತೇನೆ. ಬ್ಯಾಂಕು, ಹೌಸಿಂಗ್ ಫೈನಾನ್ಸ್‌ಗಳ ಕೈಯಲ್ಲಿ ಸರ್ಫೇಸಿ ಎಂಬ ಕಾಯ್ದೆಯಿದೆ, 2002ರದ್ದು. ಕೋರ್ಟಿನ ಮೆಟ್ಟಿಲು ಹತ್ತದೆ ಮನೆ ವಶಕ್ಕೆ ತೆಗೆದುಕೊಳ್ಳುವ ಅಧಿಕಾರ ಅದರಲ್ಲಿದೆ. ಕಂತು 90 ದಿನ ಬಾಕಿ ಉಳಿದರೆ ಸಾಲ ಕೆಟ್ಟಿತೆಂದು ಲೆಕ್ಕ. ಆಮೇಲೆ 60 ದಿನದ ನೋಟಿಸು. ನೋಟಿಸಿಗೆ ನೀವು ತಕರಾರು ಬರೆದು ಕೊಟ್ಟರೆ ಬ್ಯಾಂಕು 15 ದಿನದೊಳಗೆ ಕಾರಣ ಹೇಳಿ ಉತ್ತರಿಸಬೇಕು. ಮನೆ ವಶಕ್ಕೆ ತೆಗೆದುಕೊಳ್ಳಲು ಬಂದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಹರಾಜಿಗೂ ಮುಂಚಿತವಾಗಿ ನೋಟಿಸು ಕೊಡಬೇಕು, ಎರಡು ಪತ್ರಿಕೆಗಳಲ್ಲಿ ಹಾಕಬೇಕು, ಅದರಲ್ಲೊಂದು ಸ್ಥಳೀಯ ಭಾಷೆಯದಾಗಿರಬೇಕು. ಬೇಸಾಯದ ಜಮೀನಿಗೆ ಈ ಕಾಯ್ದೆ ಕೈ ಹಾಕುವಂತಿಲ್ಲ. ಹೀಗೆ ಓದಿದರೆ ಎಷ್ಟೊಂದು ಕಿಟಕಿಗಳು! ಗಾಳಿ ಬೆಳಕು ಚೆನ್ನಾಗಿದೆ. ಬಾಗಿಲು ಎಲ್ಲಿದೆ ಎಂದರೆ ಬೆಂಗಳೂರಿನಲ್ಲಿದೆ. ನಂಜನಗೂಡಿನ ಸಿವಿಲ್ ಕೋರ್ಟು ಈ ವಿಷಯಕ್ಕೆ ತಲೆ ಹಾಕುವಂತಿಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. ಹಾಗಾಗಿ ಕಪಿಲೆ ದಾಟಿ, ಮೈಸೂರು ದಾಟಿ, 150 ಕಿ.ಮೀ.ಗೂ ಆಚೆ ಹೋಗಿ ಅಜ್ಜಿ ನ್ಯಾಯ ಕೇಳಬೇಕು. ಶಕ್ತಿ ಯೋಜನೆಯ ಬಸ್ಸಿದೆ, ಟಿಕೆಟ್ ಇಲ್ಲ ಎನ್ನುವುದೊಂದೇ ಸಮಾಧಾನ.

ಪತ್ರಿಕೆಯ ಹರಾಜು ಪ್ರಕಟಣೆಯ ಕನ್ನಡವನ್ನು ಒಮ್ಮೆ ಓದಿ ನೋಡಿ. ಸ್ವತ್ತನ್ನು ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ, ಏನಿದೆಯೋ ಅದು’ ಎಂಬ ಆಧಾರದ ಮೇಲೆ ಮಾರಲಾಗುವುದು. ವೇದಾಂತ! ಮಿಕ್ಕ ವಾಕ್ಯಗಳಲ್ಲಿ ಕರ್ತೃ ಒಂದು ಕಾಲಮಿನಲ್ಲಿ, ಕ್ರಿಯಾಪದ ಇನ್ನೊಂದು ಕಾಲಮಿನಲ್ಲಿ. ಇದನ್ನು ಶ್ರದ್ಧೆಯಿಂದ ಓದುವವರು ಇಬ್ಬರೇ: ಹರಾಜಿನಲ್ಲಿ ಮನೆ ಕೊಳ್ಳುವವನು ಮತ್ತು ಉದ್ಧಾರಕ. ಮನೆಯ ಯಜಮಾನನಿಗೆ ಸುದ್ದಿ ಮುಟ್ಟುವುದು ಎರಡು ದಿನ ಬಿಟ್ಟು, ಬೋಂಡ ಕಟ್ಟಿಕೊಟ್ಟ ಕಾಗದದಲ್ಲಿ.

ಇಲ್ಲೊಂದು ಕುಚೋದ್ಯವಿದೆ, ಅದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಮೊದಲು, ಮನೆ ಇನ್ನೊಬ್ಬರ ಪಾಲಾಗುವವರೆಗೂ ಬಾಕಿ ಪೂರ್ತಿ ಕಟ್ಟಿ ಬಿಡಿಸಿಕೊಳ್ಳುವ ಅವಕಾಶವಿತ್ತು. 2016ರಲ್ಲಿ ಕಾಯ್ದೆ ತಿದ್ದಿದರು. ಹರಾಜಿನ ಪ್ರಕಟಣೆ ಹೊರಬೀಳುವ ಮುಂಚೆ ಕಟ್ಟಿದರೆ ಉಂಟು, ಆಮೇಲೆ ಇಲ್ಲ. 2023ರಲ್ಲಿ ಸುಪ್ರೀಂ ಕೋರ್ಟು ಬಾಫ್ನಾ ಮೋಟಾರ್ಸ್ ಪ್ರಕರಣದಲ್ಲಿ ಅದನ್ನೇ ಎತ್ತಿಹಿಡಿಯಿತು. ಈಗ ಯೋಚಿಸಿ. ಉದ್ಧಾರಕನಿಗೆ ನಿಮ್ಮ ವಿಳಾಸ ಸಿಗುವುದು ಎಲ್ಲಿ? ಆ ಪ್ರಕಟಣೆಯಲ್ಲಿ. ಅಂದರೆ ಬಿಡಿಸಿಕೊಳ್ಳುವ ಹಕ್ಕು ಮುಗಿದ ದಿನ ಬೆಳಿಗ್ಗೆಯೇ ಬಿಡಿಸುವವನು ಬಾಗಿಲಿಗೆ ಬರುತ್ತಾನೆ. ಹೆಣ ಎತ್ತಿದ ಮೇಲೆ ಡಾಕ್ಟರು ಬಂದು ಫೀಸು ಕೇಳಿದ ಹಾಗೆ. ಆದರೆ ಡಾಕ್ಟರು ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಅಂದರೆ ಮನೆಯವರು ಹೆಣವನ್ನು ಇಳಿಸಿ ಮತ್ತೆ ಮಂಚದ ಮೇಲೆ ಮಲಗಿಸುತ್ತಾರೆ.

ಅವನ ಔಷಧಿ ಎರಡೇ ತರದ್ದು. ಒಂದು, ಅಗ್ಗದ್ದು. ‘ಮೇಲಿನ ಸಾಹೇಬರು ನಮ್ಮವರೇ. ಸೆಟ್ಲ್‌ಮೆಂಟ್ ಮಾಡಿಸ್ತೀನಿ. ಫೈಲ್ ಚಾರ್ಜ್ ಹದಿನೈದು ಸಾವಿರ.’ ಇದರ ದೊಡ್ಡಣ್ಣನೂ ಇದ್ದಾನೆ, ಸಾಲಮುಕ್ತಿ ಪ್ರಮಾಣಪತ್ರ ಮಾರುವವನು. ಸೇವಾಶುಲ್ಕ ಕೊಟ್ಟರೆ ನಿಮ್ಮ ಸಾಲ ಮನ್ನಾ ಆಯಿತೆಂದು ಮೊಹರು ಹಾಕಿದ ಕಾಗದ ಕೊಡುತ್ತಾನೆ. ಇಂಥವರ ಹಾವಳಿ ಎಷ್ಟಾಯಿತೆಂದರೆ 2023ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕೇ ಎದ್ದು ಕೂತು, ಈ ಪ್ರಮಾಣಪತ್ರಗಳಿಗೆ ಯಾವ ಅಧಿಕಾರವೂ ಇಲ್ಲ, ನಂಬಿ ಕೆಡಬೇಡಿ ಎಂದು ಎಚ್ಚರಿಕೆ ಹೊರಡಿಸಬೇಕಾಯಿತು. ಎಚ್ಚರಿಕೆ ಹೊರಟಿತು, ನಿಜ. ದೇವನೂರಿಗೆ ಬಂದು ಮುಟ್ಟಿದ ಸುದ್ದಿಯಿಲ್ಲ. ಪ್ರಮಾಣಪತ್ರ ಮಾರುವವನ ಬೈಕು ಮುಟ್ಟಿದೆ.

ಎರಡನೆಯ ಔಷಧಿ ಇದಕ್ಕಿಂತ ಕಟು, ಇದಕ್ಕಿಂತ ಹಳೆಯದು. ನಮ್ಮ ತಾತಂದಿರ ಕಾಲದ ಬಡ್ಡಿ ಸಾಹುಕಾರನ ಕಷಾಯ, ಈಗ ಹೊಸ ಬಾಟಲಿಯಲ್ಲಿ.

‘ನೋಡವ್ವ, ಮನೆ ನಿನ್ನ ಮಗನ ಹೆಸರಲ್ಲಿ ಇರೋದಕ್ಕೇ ತಾನೆ ಬ್ಯಾಂಕಿನವರು ಬರೋದು? ಹೆಸರನ್ನೇ ಎತ್ತಿಬಿಟ್ರೆ? ನನ್ನ ಹೆಸರಿಗೊಂದು ಕ್ರಯ ಬರೆದುಕೊಡಿ. ಬಾಕಿ ನಾನು ಕಟ್ತೀನಿ. ನೀವು ಇದೇ ಮನೇಲಿ ಇರಿ, ತಿಂಗಳಿಗೊಂದಿಷ್ಟು ಬಾಡಿಗೆ ಅಂತ ಕೊಡಿ. ಮೂರು ವರ್ಷಕ್ಕೆ ನನ್ನ ದುಡ್ಡು ವಾಪಸ್ ಕೊಟ್ರೆ ಮನೆ ವಾಪಸ್.’

‘ಅದನ್ನೂ ಬರದ್ಕೊಟ್ಟೀಯ?’

‘ಬೇರೆ ಛಾಪಾ ಕಾಗದದಲ್ಲಿ ಬರೆದುಕೊಡ್ತೀನಿ ಕಣವ್ವ!’

ಆ ‘ಬೇರೆ’ ಎಂಬ ಮಾತಿದೆಯಲ್ಲ, ಮನೆ ಕುಸಿಯುವುದು ಅಲ್ಲೇ. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಸಾಲಗಾರನ ಪರವಾಗಿ ಒಂದು ಒಳ್ಳೆಯ ಮಾತು ಹೇಳುತ್ತದೆ. ಸಾಲಕ್ಕೆ ಭದ್ರತೆಯಾಗಿ ಬರೆದ ಕ್ರಯಕ್ಕೆ ಕ್ರಯ ಅಂತ ಹೆಸರಿದ್ದರೂ ಅದು ಅಡಮಾನವೇ, ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಹಕ್ಕು ಉಳಿದೇ ಇರುತ್ತದೆ. ಆದರೆ 1929ರಲ್ಲಿ ಸೇರಿಸಿದ ಒಂದು ಸಾಲಿನ ಪ್ರಕಾರ, ಹಿಂದಿರುಗಿಸುವ ಷರತ್ತು ಅದೇ ಪತ್ರದಲ್ಲಿ ಇರಬೇಕು. ಬೇರೆ ಕಾಗದದಲ್ಲಿ ಬರೆದರೆ ಅದನ್ನು ಅಡಮಾನ ಎಂದು ಪರಿಗಣಿಸುವುದಿಲ್ಲ. ಕ್ರಯ ಅಂದರೆ ಕ್ರಯ, ಹೋದದ್ದು ಹೋಯಿತು. ಎಸೆಸೆಲ್ಸಿ ಮೂರು ಸಲ ಕಟ್ಟಿದ ಉದ್ಧಾರಕನಿಗೆ ಸುಮಾರು ನೂರು ವರ್ಷ ಹಿಂದಿನ ಈ ತಿದ್ದುಪಡಿ ಬಾಯಿಪಾಠ. ಕಾನೂನು ಜನರಿಗೆ ತಲುಪುತ್ತಿಲ್ಲ ಎಂದು ಗೊಣಗುವವರು ಇದನ್ನು ಗಮನಿಸಬೇಕು. ತಲುಪುತ್ತಿದೆ. ಯಾರಿಗೆ ಬೇಕೋ ಅವರಿಗೆ.

ಇನ್ನು ಬ್ಯಾಂಕಿನ ಬಾಕಿ? ಎರಡು ಕಂತು ಕಟ್ಟುತ್ತಾನೆ, ರಸೀದಿ ತಂದು ತೋರಿಸುತ್ತಾನೆ, ಅಜ್ಜಿ ನಂಜುಂಡೇಶ್ವರನಿಗೆ ಹರಕೆ ತೀರಿಸಿ ಬರುತ್ತಾಳೆ. ಮೂರನೇ ಕಂತಿಗೆ ಅವನ ಫೋನು ಸ್ವಿಚ್ ಆಫ್. ಅಷ್ಟರಲ್ಲಿ ಮಗ ಕೊಟ್ಟ ಬಾಡಿಗೆ ಅವನ ಜೇಬಿನಲ್ಲಿ, ಕ್ರಯಪತ್ರ ಅವನ ಬೀರುವಿನಲ್ಲಿ, ಬ್ಯಾಂಕಿನ ಸಾಲ ಮಗನ ಹೆಸರಿನಲ್ಲೇ. ನಮ್ಮ ಬ್ಯಾಂಕುಗಳಲ್ಲಿ ‘ಫೋರ್‌ಕ್ಲೋಸ್’ ಅಂದರೆ ಸಾಲಗಾರನೇ ಅವಧಿಗೆ ಮುಂಚೆ ಸಾಲ ತೀರಿಸಿ ಮೀಸೆ ತಿರುವುವುದು. ಅಮೆರಿಕದಲ್ಲಿ ಅದೇ ಮಾತಿಗೆ ಬ್ಯಾಂಕು ಮನೆ ಕಿತ್ತುಕೊಳ್ಳುವುದು ಎಂದು ಅರ್ಥ. ಮೊದಲ ಅರ್ಥದ ಆಸೆ ತೋರಿಸಿ ಎರಡನೇ ಅರ್ಥ ಮಾಡಿ ಮುಗಿಸುವುದು ಉದ್ಧಾರಕನ ಪಾಂಡಿತ್ಯ.

ಅಮೆರಿಕದ ಮಾತು ಬಂದಿದ್ದಕ್ಕೆ ಹೇಳುತ್ತೇನೆ, ಈ ವಿದ್ಯೆ ನಮ್ಮೊಬ್ಬರದೇ ಅಲ್ಲ. 2008ರಲ್ಲಿ ಅಲ್ಲಿ ಮನೆಸಾಲಗಳು ಮುಳುಗಿದಾಗ ಅಲ್ಲೂ ಹಿಂಡುಗಟ್ಟಲೆ ಉದ್ಧಾರಕರು ಎದ್ದರು. 2010ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಒಂದು ನಿಯಮ ಮಾಡಿತು: ಮನೆಸಾಲದಿಂದ ಪಾರು ಮಾಡುತ್ತೇನೆ ಎನ್ನುವವನು ಮುಂಗಡವಾಗಿ ಒಂದು ಕಾಸೂ ಮುಟ್ಟುವಂತಿಲ್ಲ; ಸಾಲ ಕೊಟ್ಟವರಿಂದ ಲಿಖಿತ ಒಪ್ಪಂದ ತಂದು, ಮನೆಯವರು ಅದನ್ನು ಒಪ್ಪಿದ ಮೇಲೆ ಫೀಸು. ಇದನ್ನು ನಮ್ಮಲ್ಲಿ ತಂದರೆ ಉದ್ಧಾರಕನಷ್ಟೇ ಅಲ್ಲ, ಅರ್ಧಕ್ಕರ್ಧ ತಾಲ್ಲೂಕು ಕಚೇರಿಯ ಆಸುಪಾಸಿನ ಆರ್ಥಿಕತೆಯೇ ಕುಸಿದೀತು.

ನಮ್ಮಲ್ಲಿ ಏನೂ ಮಾಡಲಿಲ್ಲ ಎಂದೂ ಅಲ್ಲ. 2025ರ ಜನವರಿಯಲ್ಲಿ ನಂಜನಗೂಡು ತಾಲ್ಲೂಕಿನಲ್ಲಿ, ಪಕ್ಕದ ಚಾಮರಾಜನಗರದಲ್ಲಿ, ಮೈಕ್ರೋಫೈನಾನ್ಸ್ ಕಾಟಕ್ಕೆ ಹಲವು ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವು. ಬೆಳಗಾವಿಯ ಕಡೆ ಬಾಣಂತಿ, ಕೂಸು ಸಮೇತ ಒಂದು ಕುಟುಂಬ ಮನೆಯಿಂದ ಹೊರಬಿತ್ತು. ಕೆಲವರು ಊರನ್ನಲ್ಲ, ಜೀವವನ್ನೇ ಬಿಟ್ಟರು. ಅಲ್ಲಿ ನನ್ನ ತಮಾಷೆಗೆ ಕೆಲಸವಿಲ್ಲ. ಹಾವೇರಿಯ ಹೆಂಗಸರು ಮಾಂಗಲ್ಯವನ್ನೇ ಅಂಚೆಗೆ ಹಾಕಿ ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರಿಗೆ ಕಳಿಸಿದರು. ಅವರ ವರುಣ ಕ್ಷೇತ್ರದಲ್ಲಿ ನಂಜನಗೂಡು, ತಿ. ನರಸೀಪುರ ಎರಡೂ ತಾಲ್ಲೂಕುಗಳ ಹಳ್ಳಿಗಳಿವೆ. ಇಲ್ಲಿನವರಿಗೆ ಅಂಚೆ ಖರ್ಚೂ ಬೇಕಿರಲಿಲ್ಲ.

ಸರ್ಕಾರ ಸುಗ್ರೀವಾಜ್ಞೆ ಬರೆಯಿತು. ನೋಂದಣಿಯಿಲ್ಲದೆ ಸಾಲ ಕೊಟ್ಟು ಪೀಡಿಸಿದರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಂಥವರ ಸಾಲವೇ ಮನ್ನಾ, ಅಡಮಾನ ಕೇಳುವಂತಿಲ್ಲ. ರಾಜ್ಯಪಾಲರು ಫೆಬ್ರುವರಿಯಲ್ಲಿ ಅದನ್ನು ವಾಪಸ್ ಕಳಿಸಿದರು. ಸಾಲವೇ ಹೆಚ್ಚೆಂದರೆ 3 ಲಕ್ಷ, ದಂಡ 5 ಲಕ್ಷ ಅಂದರೆ ಅತಿಯಾಯಿತು, ಸಹಜ ನ್ಯಾಯಕ್ಕೆ ಹೊಂದುವುದಿಲ್ಲ ಎಂದರು. ಅಸಲಿಗಿಂತ ಮೇಲಿನ ದುಡ್ಡು ಜಾಸ್ತಿಯಾದರೆ ಅನ್ಯಾಯ ಎನ್ನುವ ಈ ತತ್ವವನ್ನು ಯಾರಾದರೂ ಅದೇ ವಾರ ಬಡ್ಡಿಗೂ ಅನ್ವಯಿಸಿದ್ದರೆ ಅರ್ಧ ಕರ್ನಾಟಕ ಋಣಮುಕ್ತವಾಗುತ್ತಿತ್ತು. ಇರಲಿ, ವಿವರಣೆ ಹೋಯಿತು, ಸಹಿ ಬಂತು, ಮಾರ್ಚಿನಲ್ಲಿ ಸದನವೂ ಒಪ್ಪಿತು. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಇರುವವರಿಗೆ ಇದು ತಾಗುವುದಿಲ್ಲ. ಉದ್ಧಾರಕನಿಗೂ ತಾಗುವುದಿಲ್ಲ. ಅವನು ಸಾಲ ಕೊಡುವವನೇ ಅಲ್ಲವಲ್ಲ! ಅವನು ಸಾಲದಿಂದ ಬಿಡಿಸುವವನು.

ಈ ಸೀಮೆಗೆ ವಸೂಲಿ ಹೊಸದೇನೂ ಅಲ್ಲ. ತಿ. ನರಸೀಪುರ ತಾಲ್ಲೂಕಿನ ತಲಕಾಡಿನ ಮರಳಿನ ಹಿಂದಿರುವ ಐತಿಹ್ಯವೇ ಒಂದು ವಸೂಲಿ ಪ್ರಕರಣ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ತೆಗೆದುಕೊಂಡರು. ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮ ಒಡವೆಗಳ ಜತೆ ಇತ್ತ ಬಂದಳು. ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದ ಒಡವೆಗಳು, ವಾಪಸ್ ಕೊಡು ಎಂದು ಸೈನಿಕರು ಬೆನ್ನು ಹತ್ತಿದರು. ಅವಳು ಮಾಲಂಗಿಯ ಮಡುವಿಗೆ ಹಾರಿದಳು. ಹಾರುವ ಮುಂಚೆ ಶಪಿಸಿದಳು: ಊರಿಗೆ ಮರಳು, ಅರಸರಿಗೆ ಮಕ್ಕಳಿಲ್ಲ. ಮೈಸೂರಿನ ಅರಮನೆ ಇಂದಿಗೂ ಅವಳಿಗೆ ಪೂಜೆ ಸಲ್ಲಿಸುತ್ತದೆ. ಸಾಲಗಾರಳಿಗೆ ವಸೂಲಿ ಮಾಡಿದವರು ಕೈಮುಗಿದ ಇನ್ನೊಂದು ನಿದರ್ಶನ ನನಗಂತೂ ಗೊತ್ತಿಲ್ಲ.

ನನಗೆ ಅನಿಸುವುದು, ಆಗ ನಡುವೆ ಒಬ್ಬ ಉದ್ಧಾರಕ ಇರಲಿಲ್ಲ, ಅದಕ್ಕೇ ಕಥೆ ಹಾಗೆ ಮುಗಿಯಿತು. ಇದ್ದಿದ್ದರೆ ತಲಕಾಡಿನ ದಾರಿಯಲ್ಲೇ ತಡೆದು, ‘ಅಮ್ಮಾ, ಒಡವೆ ನನ್ನ ಹೆಸರಿಗೆ ಬರೆದುಕೊಡಿ. ರಾಜರ ಕಡೆಯವರು ಬಂದರೆ ಇವು ನಿಮ್ಮವೇ ಅಲ್ಲ ಅಂತ ತೋರಿಸ್ತೀನಿ’ ಎನ್ನುತ್ತಿದ್ದ. ತಲಕಾಡು ಹಸಿರಾಗಿರುತ್ತಿತ್ತು, ಅರಮನೆಯಲ್ಲಿ ತೊಟ್ಟಿಲು ತೂಗುತ್ತಿತ್ತು, ಅಲಮೇಲಮ್ಮ ಬದುಕಿರುತ್ತಿದ್ದಳು, ಬಾಡಿಗೆ ಮನೆಯಲ್ಲಿ. ಈಗಿನ ಅಲಮೇಲಮ್ಮಂದಿರಿಗೆ ಶಾಪ ಹಾಕಲೂ ಪುರುಸೊತ್ತಿಲ್ಲ. ಸೋಮವಾರ ಒಂದು ಸಂಘದ ಕಂತು, ಬುಧವಾರ ಇನ್ನೊಂದರದು.

ಬಿಡಿ. ಉದ್ಧಾರಕನ ಅನ್ನಕ್ಕೆ ಕಲ್ಲು ಹಾಕುವ ನಾಲ್ಕು ಮಾತು ಹೇಳುವುದಿದ್ದರೆ ಈಗಲೇ ಹೇಳಬೇಕು, ಅವನು ಅಜ್ಜಿ ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದಾನೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ವಕೀಲರ ನೆರವು ಪುಕ್ಕಟೆ, ಆದಾಯ ಎಷ್ಟೇ ಇರಲಿ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಆ ಸಮಿತಿ ಇರುತ್ತದೆ, 15100ಕ್ಕೆ ಫೋನ್ ಮಾಡಿದರೂ ಆಯಿತು. ಬ್ಯಾಂಕು ದೂರಿಗೆ 30 ದಿನ ಕಿವಿಗೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ಅದಕ್ಕೂ ಫೀಸಿಲ್ಲ, ವಿಚಾರಿಸಲು 14448. ಮೈಕ್ರೋಫೈನಾನ್ಸಿನವರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಫೋನೂ ಮಾಡುವಂತಿಲ್ಲ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮನೆಯ ಮೂಲ ಪತ್ರ ವಾಪಸ್ ಕೊಡದಿದ್ದರೆ ಆಮೇಲಿನ ಪ್ರತಿ ದಿನಕ್ಕೆ ಬ್ಯಾಂಕೇ 5,000 ರೂಪಾಯಿ ತೆರಬೇಕು, 2023ರ ಡಿಸೆಂಬರಿನಿಂದ. ಇದನ್ನೆಲ್ಲ ಆ ಗೋಡೆಯ ಮೇಲೆ, ಅದೇ ಪೇಂಟಿನಲ್ಲಿ, ಅದೇ ಸೈಜಿನಲ್ಲಿ ಬರೆಸುವ ಅಧಿಕಾರಿ ಇನ್ನೂ ಹುಟ್ಟಬೇಕು. ಸದ್ಯಕ್ಕೆ ಇವು ವೆಬ್‌ಸೈಟಿನಲ್ಲಿ ಭದ್ರವಾಗಿವೆ. ಅಲ್ಲಿಂದ ಯಾವ ಮಳೆಗೂ ಇಣುಕುವುದಿಲ್ಲ.

ಜಗಲಿಯ ಮೇಲೆ ಮಾತು ಮುಗಿಯುವ ಹಂತಕ್ಕೆ ಬಂದಿತ್ತು. ಉದ್ಧಾರಕ ಚೀಲದಿಂದ ಛಾಪಾ ಕಾಗದ ತೆಗೆದಿದ್ದ. ಹೆಬ್ಬೆಟ್ಟಿನ ಇಂಕಿನ ಡಬ್ಬಿಯೂ ಇತ್ತು. ಅಜ್ಜಿಗೆ ಸಹಿ ಬರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

‘ಪತ್ರ ತೆಗಿ ಅವ್ವ. ಮೂಲ ಪತ್ರ ಬ್ಯಾಂಕಲ್ಲೇ ಇರಲಿ. ಇ-ಸ್ವತ್ತು, ಕಂದಾಯ ರಸೀದಿ, ಹಕ್ಕುಪತ್ರದ ಜೆರಾಕ್ಸ್, ಏನಿದೆಯೋ ಎಲ್ಲಾ.’

ಅಜ್ಜಿ ಒಳಗೆ ಹೋಗಿ ಟ್ರಂಕು ಎಳೆದುಕೊಂಡು ಬಂದಳು. ತೆರೆಯಲಿಲ್ಲ. ಅದರ ಮೇಲೆಯೇ ಕೂತಳು.

‘ಒಂದ್ ಮಾತು ಕೇಳನಾ ಮಗ? ನಮ್ಮನ ಪತ್ರ ನಿನ್ ತಾವ ಇರ್ಲಿ. ನಿಮ್ಮನ ಪತ್ರ ತಂದು ಈ ಪೆಟ್ಗಲಿ ಮಡುಗು. ನೀನು ಬ್ಯಾಂಕ್ನವ್ರ ತಡ್ದ ದಿನ ನಿಂದ ನಿಂಗ, ನಂದ ನಂಗ.’

ಉದ್ಧಾರಕ ನಕ್ಕ. ಅಜ್ಜಿ ನಗಲಿಲ್ಲ.

‘ನಂದು ಬಾಡಿಗೆ ಮನೆ ಅವ್ವ.’

‘ಹಂಗಾರ ಆ ಬೈಕಾರ ಬುಟ್ಟೋಗು.’

ಅವನು ಬೈಕಿನ ಕಡೆ ನೋಡಿದ. ಮಡ್‌ಗಾರ್ಡಿನ ಮೇಲೆ ಫೈನಾನ್ಸ್ ಸ್ಟಿಕ್ಕರು. ಊರಿನ ಹುಡುಗರು ಅದನ್ನು ಆಗಲೇ ಓದಿ ಮುಗಿಸಿದ್ದರು.

‘ಅದು ಲೋನು.’

ಅಜ್ಜಿ ಟ್ರಂಕಿನಿಂದ ಎದ್ದು, ಜಗಲಿಯ ಮೇಲೆ ಜರುಗಿ, ಗೋಡೆಗೆ ಒರಗಲು ಅವನಿಗೆ ಜಾಗ ಮಾಡಿಕೊಟ್ಟಳು. ಎಲೆಗೆ ಸುಣ್ಣ ಸವರಿ ಮುಂದಕ್ಕೆ ಹಿಡಿದಳು.

‘ಕುಂತ್ಗ ಮಗ. ನಿಂಗೂ ನೋಟೀಸು ಬಂದದಾ?’